ಮದ್ದಿಗೆ ಬಗ್ಗದ ರೋಗಾಣುವಿನ ಬೆನ್ನು ಹತ್ತಿ

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಮೊದಲ ಹನ್ನೊಂದು ವರ್ಷ ಸ್ಟಾಫ್ ನರ್ಸ್, ಆಮೇಲೆ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್, ಅಂದರೆ ಆಸ್ಪತ್ರೆಯೊಳಗೆ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟದ ಹಾಗೆ ನೋಡಿಕೊಳ್ಳುವವಳು. ಹೊಸ ಕೆಲಸ ಏನು ಅಂತ ನಮ್ಮ ಅತ್ತೆಗೆ ವಿವರಿಸಿದಾಗ, "ಯಾರ್ ಕೈ ತೊಳ್ಕೊಂಡ್ರು, ಯಾರ್ ಇಲ್ಲ ಅಂತ ನೋಡಾಕೂ ಪಗಾರ ಕೊಡ್ತಾರೇನವಾ?" ಅಂದಿದ್ದರು. ಕೊಡುತ್ತಾರೆ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದ ತನಕ ನನಗೂ ಆ ಪಗಾರ ಪುಕ್ಕಟೆ ಅನ್ನಿಸುತ್ತಿತ್ತು.

ಆ ಮಳೆಗಾಲದ ಕತೆ ಇದು. ರೋಗಿಗಳ ಗುರುತು ಸಿಗದ ಹಾಗೆ ಊರು, ವಯಸ್ಸು ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ನಮ್ಮದು 14 ಬೆಡ್‌ಗಳ ಐಸಿಯು. ಮೂರನೇ ಬೆಡ್‌ನಲ್ಲಿ ಬ್ಯಾಡಗಿ ಕಡೆಯ ಒಬ್ಬ ಕಾಕಾ ಇದ್ದರು. ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಮಾಡಿದವರು, ಜೊತೆಗೆ ಬೀಡಿ. ಶ್ವಾಸಕೋಶ ಮೊದಲೇ ಸೋತಿತ್ತು. ನಮ್ಮಲ್ಲಿಗೆ ಬರುವ ಮೊದಲು ಎರಡು ಕಡೆ ತೋರಿಸಿದ್ದರು. ಮಗ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಟೇಬಲ್ ಮೇಲೆ ಸುರಿದಾಗ ಅರ್ಧಂಬರ್ಧ ಮುಗಿದ ಸ್ಟ್ರಿಪ್‌ಗಳು ಬಿದ್ದವು. ಸೆಫಿಕ್ಸಿಮ್, ಅಜಿತ್ರೋಮೈಸಿನ್, ಲಿವೊಫ್ಲಾಕ್ಸಾಸಿನ್. ಎಲ್ಲದರ ಮೇಲೂ ಉದ್ದಕ್ಕೆ ಕೆಂಪು ಗೆರೆ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು ಅನ್ನುವ ಗುರುತು ಅದು. "ಚೀಟಿ ಇತ್ತೇನ್ರಿ?" ಅಂದೆ. "ಮೊದಲನೇದಕ್ಕ ಇತ್ರಿ ಸಿಸ್ಟರ್. ಆಮ್ಯಾಲ ಅಂಗಡಿಯಾವ ಹಂಗ ಕೊಟ್ಟ" ಅಂದ. ಅಂದಿನಿಂದ ಹೊಸ ರೋಗಿ ಬಂದರೆ ಮನೆಯಿಂದ ಮಾತ್ರೆ ಚೀಲ ತರಿಸಿ, ಆ ಹೆಸರುಗಳನ್ನು ಫೈಲ್‌ನ ಮೊದಲ ಹಾಳೆಯಲ್ಲೇ ಬರೆದಿಡುವುದು ನನ್ನ ರೂಢಿ. ಯಾವ ಆಂಟಿಬಯಾಟಿಕ್ ಈಗಾಗಲೇ ಹೊಟ್ಟೆಗೆ ಹೋಗಿದೆ ಅಂತ ಗೊತ್ತಾದರೆ ಡಾಕ್ಟರಿಗೆ ಮುಂದಿನದನ್ನು ಆರಿಸುವುದು ಸುಲಭ.

ವೆಂಟಿಲೇಟರ್ ಹಾಕಿದ ಆರನೇ ದಿನ ಕಾಕಾಗೆ ಜ್ವರ ಏರಿತು. ಟ್ಯೂಬಿನಿಂದ ಎಳೆಯುವ ಕಫ ದಪ್ಪಗಾಯಿತು, ಬಣ್ಣ ಹಳದಿ-ಹಸಿರು. ಆಕ್ಸಿಜನ್ ಶೇಕಡಾ 40ರಿಂದ 60ಕ್ಕೆ ಏರಿಸಬೇಕಾಯಿತು. ಕಫ ಲ್ಯಾಬಿಗೆ ಹೋಯಿತು. ಎರಡು ದಿನ ಬಿಟ್ಟು ಮೈಕ್ರೊಬಯಾಲಜಿ ಮೇಡಂ ಫೋನ್ ಮಾಡಿ, "ರಿಪೋರ್ಟ್ ಕಳಸ್ತೀನಿ, ಆದ್ರ ನೀ ಒಮ್ಮೆ ಬಂದು ಪ್ಲೇಟ್ ನೋಡು" ಅಂದರು.

ನೋಡಿದೆ. ಗಾಜಿನ ಸಣ್ಣ ತಟ್ಟೆಯಲ್ಲಿ ತೆಳು ಹಳದಿ ಜೆಲ್ಲಿ. ಅದರ ಮೇಲೆ ಬಿಳಿ ಕಾಗದದ ಪುಟ್ಟ ಬಿಲ್ಲೆಗಳು. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧ ಇರುತ್ತದೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಉಂಗುರದ ಹಾಗೆ ಬರಿ ಜಾಗ ಉಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಈ ಪ್ಲೇಟಿನಲ್ಲಿ ಉಂಗುರವೇ ಇರಲಿಲ್ಲ. ಬಿಲ್ಲೆಯ ಅಂಚಿನ ತನಕ ಬಂದು ಒತ್ತಿಕೊಂಡು ಬೆಳೆದಿತ್ತು. ಐಸಿಯುನ ದೊಡ್ಡ ಆಂಟಿಬಯಾಟಿಕ್ ಮೆರೊಪೆನೆಮ್, ಅದರ ಬಿಲ್ಲೆಗೂ ಅಷ್ಟೇ ಮರ್ಯಾದೆ.

ಹೆಸರು ಅಸಿನೆಟೊಬ್ಯಾಕ್ಟರ್. ನಮ್ಮ ಹುಡುಗಿಯರು 'ಅಸಿನೆಟೊ' ಅಂತಾರೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧ ತುರ್ತಾಗಿ ಬೇಕಿರುವ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದಾಗ, ಮೆರೊಪೆನೆಮ್ ಜಾತಿಯ ಔಷಧಕ್ಕೆ ಬಗ್ಗದ ಅಸಿನೆಟೊ ಮೊದಲ ಗುಂಪಿನಲ್ಲೇ ಇತ್ತು. 2024ರಲ್ಲಿ ಪಟ್ಟಿ ಹೊಸದಾಗಿ ಬಂದಾಗಲೂ ಅಲ್ಲೇ ಇದೆ. ಆರೋಗ್ಯವಂತರಿಗೆ ಇದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಉಸಿರಾಟದ ಟ್ಯೂಬು, ಮೂತ್ರದ ಕ್ಯಾತಿಟರ್, ದೊಡ್ಡ ರಕ್ತನಾಳಕ್ಕೆ ಇಳಿಸುವ ಸೆಂಟ್ರಲ್ ಲೈನ್ ಹಾಕಿಸಿಕೊಂಡು ಮಲಗಿದವರನ್ನೇ ಹುಡುಕುತ್ತದೆ. ಇನ್ನೊಂದು ಕೆಟ್ಟ ಗುಣ ಅಂದರೆ ಒಣ ಜಾಗದಲ್ಲೂ ವಾರಗಟ್ಟಲೆ ಬದುಕಿರುತ್ತದೆ. ಬೆಡ್‌ನ ಕಂಬಿ, ಮಾನಿಟರ್ ಬಟನ್, ಪರದೆ, ಎಲ್ಲಿ ಬೇಕಾದರೂ.

ರಿಪೋರ್ಟಿನಲ್ಲಿ ಔಷಧಗಳ ಮುಂದೆ ಸಾಲಾಗಿ 'ಆರ್', 'ಆರ್', 'ಆರ್'. ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಕೊಲಿಸ್ಟಿನ್ ಮುಂದೆ ಮಾತ್ರ 'ಐ'. ಅಂದರೆ ನಡುವಿನ ದರ್ಜೆ. 'ಎಸ್', ಅಂದರೆ ಔಷಧ ಹತ್ತುತ್ತದೆ ಅನ್ನುವ ದರ್ಜೆ, ಯಾಕಿಲ್ಲ ಅಂತ ಕೇಳಿದೆ. ನಮ್ಮ ಲ್ಯಾಬ್ ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಕೊಲಿಸ್ಟಿನ್‌ಗೆ 'ಎಸ್' ಅನ್ನುವ ದರ್ಜೆಯನ್ನೇ ತೆಗೆದಿದ್ದಾರಂತೆ. ಅಷ್ಟರ ಮಟ್ಟಿಗೆ ಅದರ ಮೇಲೆ ಭರವಸೆ. 1940ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಸಿಕ್ಕ ಔಷಧ ಅದು. ಕಿಡ್ನಿ ಕೆಡಿಸುತ್ತದೆ ಅಂತ 1970ರ ದಶಕದಲ್ಲಿ ಮೂಲೆಗೆ ಹಾಕಿದ್ದರು. ಬೇರೇನೂ ಉಳಿಯದೆ ಮತ್ತೆ ಹೊರಗೆ ತೆಗೆದಿದ್ದೇವೆ. ಇಂಥ ಕೊನೇ ಮದ್ದನ್ನು ನಮ್ಮ ದೇಶದಲ್ಲಿ ಕೋಳಿ ಮೇವಿಗೂ ಬೆರೆಸುತ್ತಿದ್ದರು. ಸರ್ಕಾರ ಅದನ್ನು ನಿಷೇಧಿಸಿದ್ದು 2019ರಲ್ಲಿ.

ಕಾಕಾಗೆ ಕೊಲಿಸ್ಟಿನ್ ಶುರುವಾಯಿತು. ನಾಲ್ಕು ದಿನಕ್ಕೆ ಒಂಬತ್ತನೇ ಬೆಡ್‌ನಲ್ಲಿ ಅದೇ ರಿಪೋರ್ಟ್. ಇನ್ನು ಮೂರು ದಿನಕ್ಕೆ ಹನ್ನೆರಡನೇ ಬೆಡ್. ಮೇಡಂ ಮೂರೂ ಹಾಳೆ ಒಟ್ಟಿಗಿಟ್ಟು, "ಒಂದ ತಾಯಿ ಮಕ್ಕಳ ಹಂಗ ಕಾಣ್ತಾವ" ಅಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಮೂರು, ನಾಲ್ಕು, ಐದು ಆಗಿದ್ದರೆ ಪಕ್ಕದ ಬೆಡ್ ಅನ್ನಬಹುದಿತ್ತು. ಮೂರು, ಒಂಬತ್ತು, ಹನ್ನೆರಡು ಅಂದರೆ ಮೂರೂ ಬೇರೆ ಬೇರೆ ಮೂಲೆ. ನರ್ಸ್‌ಗಳೂ ಬೇರೆ. ಹಳೇ ಡ್ಯೂಟಿ ಚಾರ್ಟಿನ ಹಿಂಬದಿಯಲ್ಲಿ ಗೆರೆ ಎಳೆದೆ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಬೆಡ್‌ಗಳು. ಪ್ರತಿ ಮನೆಯಲ್ಲೂ ಅಂದು ಆ ರೋಗಿಯನ್ನು ಯಾರು ಮುಟ್ಟಿದರು ಅಂತ ಬರೆಯುತ್ತ ಹೋದೆ. ನರ್ಸ್, ಡ್ಯೂಟಿ ಡಾಕ್ಟರ್, ಫಿಸಿಯೋ, ಆಯಾ, ಲ್ಯಾಬ್ ಹುಡುಗ. ಫೈಲ್ ನೋಡಿ, ಕೇಳಿ, ನೆನಪು ಮಾಡಿಸಿ ಎರಡು ದಿನ ಹಿಡಿಯಿತು. ಮೂರೂ ಬೆಡ್‌ಗೆ ತಪ್ಪದೆ ಹೋಗಿದ್ದ ಒಂದು ಹೆಸರೂ ಸಿಗಲಿಲ್ಲ.

ಆಮೇಲೆ ಹೊಳೆಯಿತು. ನಾನು ಬರೀ ಜನರನ್ನು ಬರೆಯುತ್ತಿದ್ದೆ. ಸಾಮಾನು ಬರೆದಿರಲಿಲ್ಲ.

ಮರುದಿನ ನಸುಕಿನ ನಾಲ್ಕಕ್ಕೇ ಬಂದು ನರ್ಸಿಂಗ್ ಸ್ಟೇಷನ್‌ನಲ್ಲಿ ಸುಮ್ನೆ ಕೂತೆ. ಐದಕ್ಕೆ ಪೋರ್ಟಬಲ್ ಎಕ್ಸ್‌ರೇ ಬಂತು. ವೆಂಟಿಲೇಟರ್ ಮೇಲಿದ್ದ ಎಲ್ಲರಿಗೂ ದಿನಾ ಎದೆಯ ಎಕ್ಸ್‌ರೇ ಆಗುತ್ತಿತ್ತು. ಎಕ್ಸ್‌ರೇ ಹುಡುಗ ರೋಗಿಯನ್ನು ಒಂದು ಮಗ್ಗುಲಿಗೆ ಎತ್ತಿಸಿ ಬೆನ್ನಿನ ಕೆಳಗೆ ಕ್ಯಾಸೆಟ್, ಅಂದರೆ ಎಕ್ಸ್‌ರೇ ಚಿತ್ರ ಮೂಡುವ ಪ್ಲೇಟು, ತೂರಿಸುತ್ತಿದ್ದ. ಕ್ಯಾಸೆಟ್‌ಗೆ ಒಂದು ಬಟ್ಟೆಯ ಚೀಲ ಇತ್ತು. ನೀಲಿ ಬಣ್ಣದ್ದು, ಅಂಚಿಗೆ ಬಿಳಿ ದಾರದ ಹೊಲಿಗೆ. ಬೆವರಿದ ಬೆನ್ನಿನಿಂದ ಅದನ್ನು ಎಳೆದು, ಕ್ಯಾಸೆಟ್ ಬದಲಿಸಿ, ಅದೇ ಚೀಲವನ್ನು ಮುಂದಿನ ಬೆಡ್‌ಗೆ. ಮೂರು, ಏಳು, ಒಂಬತ್ತು, ಹನ್ನೆರಡು. ನನ್ನ ಕಣ್ಣ ಮುಂದೆಯೇ ನಡೆಯಿತು. ಹನ್ನೆರಡು ವರ್ಷದಿಂದಲೂ ಅದು ನನ್ನ ಕಣ್ಣ ಮುಂದೆಯೇ ನಡೆದಿತ್ತು, ನೋಡಿರಲಿಲ್ಲ ಅಷ್ಟೆ.

"ಈ ಚೀಲ ಯಾವಾಗ ತೊಳಿತೀಪಾ?" ಅಂದೆ. "ಹೊಲಸ ಆದಾಗ್ರಿ ಅಕ್ಕಾರ" ಅಂದ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಚೀಲ ಹೊಲಿಸಿದ್ದೂ ಒಳ್ಳೇ ಮನಸ್ಸಿನಿಂದಲೇ. ತಣ್ಣನೆಯ ಪ್ಲೇಟು ರೋಗಿಯ ಬೆನ್ನಿಗೆ ತಾಗಬಾರದು ಅಂತ.

ಎಂಟು ಕಡೆ ಹತ್ತಿಕಡ್ಡಿ ಒರೆಸಿ ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸಿದೆವು. ಎರಡರಲ್ಲಿ ಅದೇ ಅಸಿನೆಟೊ ಬಂತು: ಕ್ಯಾಸೆಟ್ ಚೀಲ, ಒಂಬತ್ತನೇ ಬೆಡ್‌ನ ಬಿಪಿ ಪಟ್ಟಿ. ಎಲ್ಲವೂ ಒಂದೇ ತಳಿ ಅನ್ನಲು ಜೀನ್ ಪರೀಕ್ಷೆ ಬೇಕು, ನಾವು ಮಾಡಿಸಲಿಲ್ಲ. ಹಾಗಾಗಿ ಚೀಲವೇ ಕಳ್ಳ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಅಂದೇ ಚೀಲ ತೆಗೆಸಿದೆ. ಬದಲಿಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ಅಗಲದ ಪಾಲಿಥೀನ್ ಚೀಲ. ಒಬ್ಬ ರೋಗಿಗೆ ಒಂದು, ಆಮೇಲೆ ಸೋಂಕು ತಾಗಿದ ಪ್ಲಾಸ್ಟಿಕ್ ಹಾಕುವ ಕೆಂಪು ಡಬ್ಬಿಗೆ. ದೊಡ್ಡ ಡಾಕ್ಟರಿಗೆ ಇನ್ನೊಂದು ಮಾತು ಕೇಳಿದೆ: ದಿನಾ ಎಲ್ಲರಿಗೂ ಎಕ್ಸ್‌ರೇ ಬೇಕಾ ಸರ್? ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ, ಬೇಕಾದವರಿಗೆ ಬರಿತೀನಿ" ಅಂದರು. ಎಕ್ಸ್‌ರೇ ಅರ್ಧಕ್ಕಿಳಿಯಿತು. ಅದರಿಂದ ಯಾರಿಗೂ ಏನೂ ಕಮ್ಮಿ ಆದ ಹಾಗೆ ಕಾಣಲಿಲ್ಲ.

ಆ ವಾರ ಮೀಟಿಂಗ್ ಆಯಿತು. ಎಲ್ಲರ ಬಾಯಲ್ಲೂ ಒಂದೇ ಮಾತು, ಫ್ಯೂಮಿಗೇಶನ್ ಮಾಡಿಸೋಣ. ಐಸಿಯು ಎರಡು ದಿನ ಮುಚ್ಚಿ ಹೊಗೆ ಹಾಕಿಸಿದರೆ ಎಲ್ಲಾ ಸತ್ತು ಹೋಗುತ್ತವೆ ಅನ್ನುವ ನಂಬಿಕೆ. ನಾನು ಅದರ ಕಟ್ಟಾ ವಿರೋಧಿ. ಹೊಗೆ ಗಾಳಿಯಲ್ಲಿ ತುಂಬುತ್ತದೆ, ನಮ್ಮ ತೊಂದರೆ ಇದ್ದದ್ದು ಕೈಯಲ್ಲಿ, ಕಂಬಿಯಲ್ಲಿ, ಪಟ್ಟಿಯಲ್ಲಿ. ಜಿಡ್ಡಿನ ಮೇಲೆ ಹೊಗೆ ಬಿಟ್ಟರೆ ಏನೂ ಆಗದು, ಮೊದಲು ಒರೆಸಬೇಕು. ಬಾಗಿಲು ತೆಗೆದ ಮರುದಿನ ಅದೇ ಕೈಗಳು ಒಳಗೆ ಬರುತ್ತವೆ ಅಲ್ವಾ? ವಾದ ಜೋರಾಯಿತು. ಕೊನೆಗೆ ಆ ದುಡ್ಡಿನಲ್ಲಿ ಪ್ರತಿ ಬೆಡ್‌ಗೂ ಸ್ವಂತ ಸ್ಟೆತಸ್ಕೋಪ್, ಸ್ವಂತ ಬಿಪಿ ಪಟ್ಟಿ, ಸ್ವಂತ ಥರ್ಮಾಮೀಟರ್ ಕೊಡಿಸಿದರು. ನನ್ನ ಕೆಲಸದ ಜೀವನದಲ್ಲಿ ಗೆದ್ದ ಮೀಟಿಂಗ್ ಅದೊಂದೇ ಇರಬೇಕು.

ಮೂವರನ್ನೂ ಬಲಗಡೆಯ ತುದಿಗೆ ಸರಿಸಿ, ಅವರಿಗೇ ಬೇರೆ ನರ್ಸ್ ಹಾಕಿದೆವು. ಗೌನು, ಗ್ಲೌಸ್ ಕಡ್ಡಾಯ. ಗ್ಲೌಸ್‌ದು ದೊಡ್ಡ ಕತೆ. ಗ್ಲೌಸ್ ಹಾಕಿದ ಕೂಡಲೇ ಜನರಿಗೆ ಕೈ ತೊಳೆದಷ್ಟೇ ಸಮಾಧಾನ ಆಗಿಬಿಡುತ್ತದೆ. ಅದೇ ಗ್ಲೌಸ್‌ನಲ್ಲಿ ಕಫ ಎಳೆದು, ಅದೇ ಗ್ಲೌಸ್‌ನಲ್ಲಿ ಕೀಬೋರ್ಡ್ ಒತ್ತಿ, ಮೊಬೈಲ್ ಎತ್ತಿ, "ಹಲೋ" ಅನ್ನುತ್ತಾರೆ. ನಾನೂ ಅಂದಿದ್ದೇನೆ.

ಒರೆಸುವ ಕೆಲಸ ಕಲಿಸಿದ್ದು ನಾನಲ್ಲ, ನಮ್ಮ ಹಿರೀ ಆಯಾ. ಹೈಪೋ, ಅಂದರೆ ಒರೆಸುವ ಬ್ಲೀಚ್ ನೀರು, ದಿನಾ ಹೊಸದಾಗಿ ಬೆರೆಸಬೇಕು, ನಿನ್ನೆಯದಕ್ಕೆ ಖಾರ ಇರುವುದಿಲ್ಲ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಒಂದು ಅರಿವೆ ಒಂದು ಬೆಡ್‌ಗೆ ಮಾತ್ರ, ಕೊಳೆ ಅರಿವೆ ಮತ್ತೆ ಬಕೆಟ್‌ಗೆ ಅದ್ದಬಾರದು ಅಂತ ನಾನು ಹೇಳಿದೆ. ಆಕೆ ತಲೆ ಆಡಿಸಿ, ಮೇಲೆ ನೋಡಿ, "ಅಕ್ಕಾರ, ಈ ಪಡದಾ ಯಾವಾಗ ತೊಳದಿದ್ವಿ?" ಅಂದಳು. ಬೆಡ್‌ಗಳ ನಡುವಿನ ಪರದೆಗಳು! ಎಲ್ಲರೂ ದಿನಕ್ಕೆ ಇಪ್ಪತ್ತು ಸಲ ಹಿಡಿದೆಳೆಯುವ ಜಾಗ, ಕೈ ತಾಗಿ ತಾಗಿ ಒಂದು ಪಟ್ಟಿ ಕಪ್ಪಾಗಿತ್ತು. ಅಂದೇ ಎಲ್ಲಾ ಇಳಿಸಿದೆವು.

ಇನ್ನು ಬಳೆ. ಮೊಣಕೈ ಕೆಳಗೆ ಏನೂ ಇರಬಾರದು ಅನ್ನುವುದು ನಿಯಮ. ವಾಚು, ಉಂಗುರ, ದಾರ, ಬಳೆ, ಏನೂ. ಹೇಳುವುದು ಸುಲಭ. ಕುಂದಗೋಳ ಕಡೆಯ ಒಬ್ಬ ಸ್ಟಾಫ್ ನರ್ಸ್, ಮದುವೆಯಾಗಿ ಎರಡು ತಿಂಗಳು, ಕೈತುಂಬ ಹಸಿರು ಬಳೆ. ತೆಗಿ ಅಂದರೆ ಕಣ್ಣಲ್ಲಿ ನೀರು. ಮುತ್ತೈದೆ ಕೈ ಬರಿದು ಮಾಡಿಕೊಂಡು ಹೆಂಗಿರೋದು ಅಂತ. ನಾನು ನಿಯಮದ ಪುಸ್ತಕ ತೆರೆಯಲಿಲ್ಲ. ಎಣ್ಣೆಯಲ್ಲಿ ಅರಿಶಿನ ಕಲಸಿ ಇಬ್ಬರೂ ಕೈಗೆ ಹಚ್ಚಿಕೊಂಡೆವು. ನಾನು ಬರಿಗೈ, ಅವಳು ಬಳೆ ಸಮೇತ. ಇಬ್ಬರೂ ಕಣ್ಣು ಮುಚ್ಚಿ, ಸೋಪು ಹಾಕಿ, ಪೂರ್ತಿ ಒಂದು ನಿಮಿಷ ತೊಳೆದೆವು. ಕಣ್ಣು ಬಿಟ್ಟಾಗ ಅವಳ ಮಣಿಕಟ್ಟಿನಲ್ಲಿ ಬಳೆಯ ಕೆಳಗೆ ಹಳದಿ ಉಂಗುರ ಹಾಗೇ ಇತ್ತು. ಆದರೂ ಅವಳ ಮನಸ್ಸು ಪೂರ್ತಿ ಒಪ್ಪಲಿಲ್ಲ. ಒಪ್ಪಿಸಿದ್ದು ಅದೇ ಆಯಾ: "ಮನ್ಯಾಗ ಹಿಟ್ಟು ನಾದುವಾಗ ಬಳಿ ಹಿಂದಕ ಸರಸ್ತಿ ಇಲ್ಲೋ? ಇಲ್ಲೆ ಹಿಂದಕ ಸರಸಾಕ ಜಾಗಾ ಇಲ್ಲವಾ. ತಗದಿಡು, ಹೋಗುವಾಗ ಹಾಕ್ಕೋ."

ಬಟ್ಟೆ ಬದಲಿಸುವ ರೂಮಿನಲ್ಲಿ ಹೆಸರು ಬರೆದ ಸ್ಟೀಲ್ ಡಬ್ಬಿಗಳು ಬಂದವು. ದಿನಾ ತೆಗೆದು ಹಾಕಿದರೆ ಗಾಜಿನ ಬಳೆ ಒಡೆಯುತ್ತವೆ ಅಂತ ಹುಡುಗಿಯರು ಒಂದು ಸೈಜ್ ದೊಡ್ಡದು ಇಡಿಸಿಕೊಂಡರು. ತಾಳಿ ಮುಟ್ಟುವ ಗೋಜಿಗೆ ನಾನು ಹೋಗಲಿಲ್ಲ, ಒಳಗೆ ಸೇರಿಸಿ ಪಿನ್ ಹಾಕಿಕೊಳ್ಳಿ ಅಂದೆ. ಹೆಣ್ಣುಮಕ್ಕಳು ಒಂದು ವಾರದಲ್ಲಿ ರೂಢಿ ಮಾಡಿಕೊಂಡರು. ಸ್ಮಾರ್ಟ್ ವಾಚಿನ ಗಂಡಸರಿಗೆ ಎರಡು ತಿಂಗಳು ಹಿಡಿಯಿತು.

ಕೈ ತೊಳೆಯುವುದನ್ನು ಎಣಿಸುವುದೂ ಒಂದು ವಿದ್ಯೆ. ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್, ಡ್ರೆಸಿಂಗ್‌ನಂಥ ಶುದ್ಧ ಕೆಲಸದ ಮೊದಲು, ರಕ್ತ-ಕಫ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಸುತ್ತಲಿನ ಸಾಮಾನು ಮುಟ್ಟಿದ ಮೇಲೆ. ಹೀಗೆ ಐದು ಹೊತ್ತು. ನಾನು ಪೆನ್ನು ಹಿಡಿದು ನಿಂತರೆ ಎಲ್ಲರೂ ಧರ್ಮರಾಯರು. ಬೆನ್ನು ತಿರುಗಿಸಿದರೆ ಯಥಾಪ್ರಕಾರ. ಅದಕ್ಕೆ ನಿಲ್ಲುವುದು ಬಿಟ್ಟು ಹ್ಯಾಂಡ್‌ರಬ್‌ನ ಖಾಲಿ ಬಾಟಲಿ ಎಣಿಸತೊಡಗಿದೆ. ಬಾಟಲಿ ಸುಳ್ಳು ಹೇಳುವುದಿಲ್ಲ. ಹಗಲು ಪಾಳಿಯಲ್ಲಿ ಖಾಲಿಯಾಗುತ್ತಿದ್ದವು, ರಾತ್ರಿ ಪಾಳಿಯಲ್ಲಿ ಮುಟ್ಟಿದ ಹಾಗೇ ಕಾಣುತ್ತಿರಲಿಲ್ಲ. ಬೈಯಲಿಲ್ಲ, ಕೇಳಿದೆ. ಒಬ್ಬ ಬ್ರದರ್ (ಗಂಡು ನರ್ಸ್) ಕೈ ಮುಂದೆ ಚಾಚಿದ. ಬೆರಳ ಸಂದಿಯೆಲ್ಲ ಬಿರುಕು. ಅಗ್ಗದ ಹ್ಯಾಂಡ್‌ರಬ್ ತರಿಸಿದ್ದರು, ಗ್ಲಿಸರಿನ್ ಇಲ್ಲದ್ದು. ಒಡೆದ ಕೈಗೆ ಸ್ಪಿರಿಟ್ ಬಿದ್ದರೆ ಬೆಂಕಿ ಇಟ್ಟ ಹಾಗೆ ಆಗುತ್ತದೆ, ಯಾರು ಹಚ್ಚಿಕೊಳ್ಳುತ್ತಾರೆ? ಗ್ಲಿಸರಿನ್ ಇದ್ದದ್ದು ತರಿಸಿ, ಗೋಡೆಯ ಮೇಲಿದ್ದ ಬಾಟಲಿಗಳನ್ನು ಬೆಡ್‌ನ ಕಾಲಬದಿಗೆ ತಂದು ಸಿಕ್ಕಿಸಿದೆ. ಮುಂದಿನ ತಿಂಗಳು ರಾತ್ರಿ ಪಾಳಿಯ ಬಾಟಲಿಗಳೂ ಖಾಲಿ.

ಒಬ್ಬ ಹಿರಿಯ ಸರ್ಜನ್ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ಅವರು ರೌಂಡ್ಸ್‌ಗೆ ಬಂದಾಗ ನಾನು ಏನೂ ಹೇಳದೆ ಪ್ರತಿ ಬೆಡ್‌ಗೂ ಬಾಟಲಿ ಚಾಚಿ ನಿಲ್ಲುತ್ತಿದ್ದೆ, ಮದುವೆ ಮನೆಯಲ್ಲಿ ಪನ್ನೀರು ಹಿಡಿದ ಹಾಗೆ. ನಾಲ್ಕನೇ ದಿನ ನಕ್ಕು ಕೈ ಚಾಚಿದರು.

ಹನ್ನೆರಡನೇ ಬೆಡ್‌ನವರ ಮನೆಯವರ ಜೊತೆ ಆದ ಮಾತು ಇನ್ನೂ ನೆನಪಿದೆ. ನವಲಗುಂದ ಕಡೆಯ ಹುಡುಗ, ಬೈಪಾಸ್‌ನಲ್ಲಿ ಬೈಕ್ ಅಪಘಾತ, ತಲೆಗೆ ಪೆಟ್ಟು. ಕಫದಲ್ಲಿ ಅಸಿನೆಟೊ ಬಂದಿತ್ತು. ಆದರೆ ಜ್ವರ ಇಲ್ಲ, ಆಕ್ಸಿಜನ್ ಜಾಸ್ತಿ ಬೇಕಾಗಿಲ್ಲ, ಎಕ್ಸ್‌ರೇ ಸ್ವಚ್ಛ. ಬ್ಯಾಕ್ಟೀರಿಯಾ ಬಂದು ಕೂತಿದೆ, ಇನ್ನೂ ರೋಗ ತಂದಿಲ್ಲ. ಡಾಕ್ಟರು ಕೊಲಿಸ್ಟಿನ್ ಬೇಡ ಅಂದರು. ಹುಡುಗನ ಕಾಕಾ ನನ್ನ ಹಿಂದೆ ಬಿದ್ದರು. "ಹುಳಾ ಐತಿ ಅಂತೀರಿ, ಔಷಧ ಕೊಡಾಂಗಿಲ್ಲ ಅಂತೀರಿ. ರೊಕ್ಕದ ಚಿಂತಿ ಬ್ಯಾಡ್ರಿ, ದೊಡ್ಡದ ಹಾಕ್ರಿ."

"ನಾಯಿ ಅಂಗಳದಾಗ ಬಂದು ನಿಂತೈತಿ ಕಾಕಾರ, ಒಳಗ ಬಂದಿಲ್ಲ. ಈಗ ಬಡಗಿ ಎತ್ತಿದ್ರ ನಿಮ್ಮ ಹುಡುಗನ ಕಿಡ್ನಿಗೆ ಪೆಟ್ಟು ಬೀಳ್ತೈತಿ" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಏನು ಬೆಳೀತೀರಿ ಅಂತ ಕೇಳಿದೆ. ಹತ್ತಿ. "ವರ್ಷಾ ಅದ ಎಣ್ಣಿ ಹೊಡದ್ರ ಹುಳ ಸಾಯ್ತಾವೇನ್ರಿ?" ಅಂದೆ. ಮುದುಕರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಇಲ್ರಿ. ಮೊದಲ ಸಾಯ್ತಿದ್ದು. ಈಗ ಅದರಾಗ ಜಳಕಾ ಮಾಡ್ತಾವು." ಆಮೇಲೆ ಅವರೇ ಹೊರಗೆ ಕೂತ ಬೇರೆ ಮನೆಯವರಿಗೆ ಹೇಳತೊಡಗಿದರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳುತ್ತಿದ್ದರು. ಅಜ್ಜನ ಮಠದ ವಿಭೂತಿ ತಂದಾಗ ಮೊದಲು ಕೈಗೆ ಹ್ಯಾಂಡ್‌ರಬ್ ಹಚ್ಚಿಕೊಂಡು, ಹಣೆಗೆ ಮಾತ್ರ ಇಟ್ಟು, ಹೋಗುವಾಗ ಮತ್ತೆ ಹಚ್ಚಿಕೊಂಡು ಹೋದರು. ವಿಭೂತಿ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ಬಾಯಿಗೆ ಹಾಕಬೇಡಿ, ಲೈನಿನ ಡ್ರೆಸಿಂಗ್ ಹತ್ತಿರ ಉದುರಿಸಬೇಡಿ, ಅಷ್ಟೇ. ಹುಡುಗ ಔಷಧ ಇಲ್ಲದೆಯೇ ಟ್ಯೂಬಿನಿಂದ ಹೊರಬಂದ, ಮನೆಗೂ ಹೋದ.

ಬ್ಯಾಡಗಿ ಕಾಕಾ ಉಳಿಯಲಿಲ್ಲ. ಕೊಲಿಸ್ಟಿನ್ ಶುರುವಾಗಿ ಐದನೇ ದಿನ ಕಿಡ್ನಿ ಸೋಲುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿತು, ಮೂತ್ರ ಇಳಿಯಿತು, ಡಯಾಲಿಸಿಸ್ ಆಯಿತು. ಹತ್ತನೇ ದಿನ ಹೋದರು. ಅವರಿಗೆ ಮೊದಲೇ ಶ್ವಾಸಕೋಶ ಇರಲಿಲ್ಲ, ಯಾವುದರಿಂದ ಹೋದರು ಅಂತ ಬಿಡಿಸಿ ಹೇಳುವುದು ಕಷ್ಟ. ಫೈಲ್ ಮುಚ್ಚುವಾಗ ಒಂದು ವಿಷಯ ನನ್ನನ್ನು ಚುಚ್ಚಿತು. ಬಂದ ದಿನ ಅವರಿಗೆ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ತೆಗೆದದ್ದು ಮೊದಲ ಡೋಸ್ ಆಂಟಿಬಯಾಟಿಕ್ ಹೋದ ಎರಡು ಗಂಟೆ ಆದ ಮೇಲೆ. ಒಂದೇ ಬಾಟಲಿ, ಅದರಲ್ಲೂ ಮೂರೇ ಎಂಎಲ್. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಎಂಎಲ್ ಬೇಕು, ಎರಡು ಬೇರೆ ಜಾಗದಿಂದ ಎರಡು ಸೆಟ್. ಕಮ್ಮಿ ರಕ್ತ, ಅದೂ ಔಷಧ ಹೋದ ಮೇಲೆ ತೆಗೆದದ್ದು. ಏನೂ ಬೆಳೆಯುವುದಿಲ್ಲ. ಏನೂ ಬೆಳೆಯದಿದ್ದರೆ ಡಾಕ್ಟರು ಕತ್ತಲಲ್ಲಿ ದೊಡ್ಡ ಔಷಧವನ್ನೇ ಬರೆಯುತ್ತಾರೆ. ಅಂದು ರಕ್ತ ಎಳೆದದ್ದು ಯಾರು ಅಂತ ಹುಡುಕಿದೆ. ಸಹಿ ನನ್ನದೇ ಇತ್ತು. ಅಂದು ಜನ ಕಮ್ಮಿ ಅಂತ ನಾನೇ ಬೆಡ್‌ಗೆ ನಿಂತಿದ್ದೆ.

ಈಗ ಆಂಟಿಬಯಾಟಿಕ್ ಟ್ರೇನಲ್ಲೇ ಎರಡು ಸೆಟ್ ಕಲ್ಚರ್ ಬಾಟಲಿ ಇರುತ್ತವೆ. ಬಿಪಿ ಬಿದ್ದ ರೋಗಿಗೆ ಔಷಧ ತಡ ಮಾಡುವ ಹಾಗಿಲ್ಲ, ಅದು ಬೇರೆ ಮಾತು. ಆದರೆ ಐದು ನಿಮಿಷದಲ್ಲಿ ರಕ್ತ ತೆಗೆಯಬಹುದು. ಎರಡು ದಿನದ ಮೇಲೆ ಫೈಲ್ ಮೇಲೆ ಕೆಂಪು ಚೀಟಿ ಅಂಟಿಸುತ್ತೇವೆ: 'ಕಲ್ಚರ್ ಬಂತಾ? ಔಷಧ ಇಳಿಸಬಹುದಾ?' ಮೊದಮೊದಲು ಡಾಕ್ಟರುಗಳಿಗೆ ಕಿರಿಕಿರಿ ಆಯಿತು. ಈಗ ಚೀಟಿ ಇಲ್ಲದಿದ್ದರೆ ಅವರೇ ಕೇಳುತ್ತಾರೆ.

ಹಾಸಿಗೆಯ ತಲೆಬದಿಯನ್ನು 30 ಡಿಗ್ರಿ ಎತ್ತಿಡುವುದಕ್ಕೂ ಅದೇ ಹೊತ್ತಿಗೆ ಗಂಟು ಬಿದ್ದೆವು. ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಇಳಿಯಬಾರದು ಅಂತ. ನಮ್ಮ ಹಳೇ ಬೆಡ್‌ಗಳಲ್ಲಿ ಕೋನ ತೋರಿಸುವ ಗುರುತಿಲ್ಲ. ಮಗನ ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ಒಂದು ನಟ್ಟು ತೂಗುಬಿಟ್ಟು ಅಳೆದೆ. 30 ಅಂದುಕೊಂಡು ಎಲ್ಲರೂ ಇಟ್ಟದ್ದು 15, 18. ಆ ಕೋನಮಾಪಕ ಇನ್ನೂ ಮನೆಗೆ ವಾಪಸ್ ಹೋಗಿಲ್ಲ.

ಏಳು ವಾರ ಹೊಸ ಅಸಿನೆಟೊ ಬರಲಿಲ್ಲ. ಎಂಟನೇ ವಾರ ಬೇರೆ ಊರಿನ ಐಸಿಯುದಿಂದ ಬಂದ ರೋಗಿಯ ಮೂತ್ರದಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಬಂತು, ಅದಕ್ಕೂ ಮೆರೊಪೆನೆಮ್ ಹತ್ತಲಿಲ್ಲ. ಆ ಹೊತ್ತಿಗೆ ಬೇರೆ ಐಸಿಯುದಿಂದ ಬಂದವರನ್ನೆಲ್ಲ ಕಲ್ಚರ್ ಬರುವ ತನಕ ಮೂಲೆಯ ಬೆಡ್‌ನಲ್ಲೇ ಇಡುವ ರೂಢಿ ಆಗಿತ್ತು. ಪಕ್ಕಕ್ಕೆ ದಾಟಲಿಲ್ಲ.

ಸಿಂಕಿನ ಕೆಲಸ ಮಾತ್ರ ಇನ್ನೂ ಬಾಕಿ ಇದೆ. ನಮ್ಮ ಏರಿಯಾದಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ ನಡೆಯುತ್ತದೆ. ಒಂದು ಕಾಲಕ್ಕೆ ಸಿಂಕಿನ ಪಕ್ಕ ಡ್ರಮ್ಮು, ಡ್ರಮ್ಮಿನಲ್ಲಿ ಮಗ್ಗು ಇತ್ತು. ಅದನ್ನು ಓಡಿಸಿ ಆಯಿತು. ಆಕ್ಸಿಜನ್ ತೇವ ಮಾಡುವ ಬಾಟಲಿಗೆ ನಲ್ಲಿ ನೀರು ತುಂಬುವುದೂ ನಿಂತಿದೆ, ಈಗ ಸ್ಟೆರೈಲ್ ವಾಟರ್ ಮಾತ್ರ. ಆದರೆ ಸಿಂಕಿನ ನಲ್ಲಿ ನೆಟ್ಟಗೆ ಮೋರಿಯ ತೂತಿನ ಮೇಲೇ ಬೀಳುತ್ತದೆ. ಒಳಗೆ ಅಂಟಿ ಬೆಳೆದ ಬ್ಯಾಕ್ಟೀರಿಯಾ ನೀರಿನ ಹನಿ ಜೊತೆ ಮೇಲೆ ಸಿಡಿದು ಬರುತ್ತದೆ. ಎರಡು ಅಡಿ ದೂರದಲ್ಲಿ ಇಂಜೆಕ್ಷನ್ ತಯಾರಿಸುವ ಕಟ್ಟೆ. ನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯಬೇಕು, ನಡುವೆ ಒಂದು ಅಡ್ಡಗೋಡೆ ಬೇಕು. ಉಳಿದ ಆಂಟಿಬಯಾಟಿಕ್ಕು, ಕಫ ಎಳೆದ ಸಕ್ಷನ್ ನೀರು ಅದರಲ್ಲಿ ಚೆಲ್ಲಬಾರದು ಅಂತ ಬೋರ್ಡ್ ಹಾಕಿದ್ದೇನೆ, ಕಟ್ಟೆಯ ಸಾಮಾನು ಆ ಕಡೆ ಸರಿಸಿದ್ದೇನೆ. ಪ್ಲಂಬರ್ ಎರಡು ಸಲ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ದೀಪಾವಳಿ ಆದ ಮೇಲೆ ಬರುತ್ತೇನೆ ಅಂದಿದ್ದಾನೆ.